ಮಗುವಿನ ಕೆಲಸ ಕಾಯಕವಾಗುವುದು ಯಾವಾಗ?

ಪ್ರಾಥಮಿಕ ಶಾಲೆಯ ಮಗು ಮನೆಯಲ್ಲಿ ಮಾಡುವ ಕೆಲಸ ಕಲಿಕೆಯೋ ಬರೀ ದುಡಿಮೆಯೋ ಎಂಬ ಪ್ರಶ್ನೆಗೆ ಬೀದರ್ ಸೀಮೆಯಲ್ಲಿ ಧರ್ಮದ ಬೇರೂ ಇದೆ. 12ನೇ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅರಿವನ್ನೂ ಕ್ರಿಯೆಯನ್ನೂ ಒಂದೇ ನೆಲೆಯಲ್ಲಿ ನಿಲ್ಲಿಸಿದರು. ದುಡಿಯುವ ಕೈಗೆ ಕಲ್ಯಾಣದಲ್ಲಿ ಚಿಂತನೆಯ ಹಕ್ಕೂ ಇತ್ತು.

ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ಈ ಸೀಮೆಯ ಮಕ್ಕಳಿಗೆ ಗೊತ್ತಿರುವಂಥದ್ದು. ಅವಳ ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಎಷ್ಟು ಬೇಕು, ಎಷ್ಟು ಬಂತು, ಹೆಚ್ಚಾದದ್ದು ಯಾರದು? ಮೊದಲೆರಡು ಲೆಕ್ಕದ ಪ್ರಶ್ನೆಗಳು, ಮೂರನೆಯದು ಧರ್ಮದ್ದು. ಮೂರೂ ಒಂದೇ ಬೊಗಸೆ ಅಕ್ಕಿಯಲ್ಲಿ ಹುಟ್ಟಿದವು.

ಇದೇ ಜಿಲ್ಲೆಯ ಭಾಲ್ಕಿಯ ಅಡುಗೆಮನೆಯಲ್ಲಿ ಈ ಪಾಠಕ್ಕೆ ಪುಸ್ತಕ ಬೇಕಾಗಿಲ್ಲ. ಜೋಳದ ಹಿಟ್ಟು ತೆಗೆಯುವ ಮೊದಲು ತಾಯಿ ಮೂರನೇ ತರಗತಿಯ ಮಗನನ್ನು ಕೇಳಬಹುದು: ‘ಇವತ್ತ ಮನ್ಯಾಗ ಎಷ್ಟ್ ಮಂದಿ? ಒಬ್ಬೊಬ್ಬರಿಗೆ ಎಷ್ಟ್ ರೊಟ್ಟಿ? ಇಬ್ಬರು ಬೀಗರು ಬಂದ್ರ?’ ಹುಡುಗ ಬೆರಳು ಮಡಿಚಿ ಎಣಿಸುತ್ತಾನೆ, ತಪ್ಪುತ್ತಾನೆ, ಬುಟ್ಟಿಯಲ್ಲಿ ಉಳಿದ ರೊಟ್ಟಿ ಅವನ ತಪ್ಪನ್ನು ತೋರಿಸಿಕೊಡುತ್ತದೆ. ತಾಯಿಗೆ ಅಕ್ಷರ ಬಾರದಿದ್ದರೂ ನಡೆಯುತ್ತದೆ. ಅರಿವೇ ಗುರು ಎಂದ ಪರಂಪರೆಯಲ್ಲಿ ಗುರುವಿನ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ. ಎಳ್ಳ ಅಮಾವಾಸ್ಯೆಯ ದಿನವಂತೂ ಔರಾದಿನ ಹೊಲವೇ ತರಗತಿ. ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲುತ್ತ ಬದುವಿನ ಮೇಲೆ ನಡೆಯುವ ಮಗು ಕಡಲೆ, ಕುಸುಬೆ, ಜೋಳದ ಗಿಡಗಳನ್ನು ಮುಟ್ಟಿ ಗುರುತಿಸುತ್ತದೆ, ಕಾಳು-ಸೊಪ್ಪು ಬೆರೆಸಿದ ಹಬ್ಬದ ಭಜ್ಜಿಯಲ್ಲಿ ಯಾವ ಯಾವ ಕಾಳು ಬಿದ್ದಿವೆ ಎಂದು ನಾಲಗೆಯಿಂದಲೇ ಹೇಳುತ್ತದೆ.

ಈ ಮನೆಪಾಠ ಯಾವ ಭಾಷೆಯಲ್ಲಿ ಎಂಬ ಚಿಂತೆಯೂ ಬೇಡ. ಔರಾದಿನ ಎಷ್ಟೋ ಮನೆಗಳಲ್ಲಿ ಮಾತು ಮರಾಠಿ, ಶಾಲೆ ಕನ್ನಡ. ಮನೆಮಾತು ಕಲಿಕೆಗೆ ಅಡ್ಡಿ ಎಂಬ ಹೆದರಿಕೆಗೆ ಆಧಾರವಿಲ್ಲ. ಒಂದು ಭಾಷೆಯಲ್ಲಿ ಪ್ರಶ್ನೆ ಕೇಳಲು ಕಲಿತ ಮಗು ಇನ್ನೊಂದರಲ್ಲೂ ಕೇಳುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಪ್ರಸಿದ್ಧ. ಮಗುವಿನ ಮಾತಿಗೆ ಶಾಲೆಯಲ್ಲಿ ಜಾಗವಿಲ್ಲದಿದ್ದಾಗ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಇಷ್ಟಕ್ಕೇ ಎಲ್ಲ ಕೆಲಸವೂ ಕಾಯಕ ಎಂದುಬಿಡುವುದು ಅಪಾಯ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣವೆಂದಾಗಲೂ ತಕರಾರು ಬಂದದ್ದು ಇಲ್ಲಿಯೇ: ಮಕ್ಕಳು ಮಾಡಿದ ವಸ್ತು ಮಾರಿ ಶಾಲೆಯ ಖರ್ಚು ತೂಗಿಸುವುದಾದರೆ ಶಾಲೆ ಕಾರ್ಖಾನೆಯಾಗದೇ? ಬೀದರ್ ನಗರದ ಬಿದ್ರಿ ಕುಶಲಕರ್ಮಿಯ ಮಗಳು ಕೋಟೆಯ ಮಣ್ಣು ಸತು-ತಾಮ್ರದ ಪಾತ್ರೆಯನ್ನು ಹೇಗೆ ಕಪ್ಪಾಗಿಸುತ್ತದೆ, ಬೆಳ್ಳಿ ಮಾತ್ರ ಏಕೆ ಬೆಳ್ಳಗೇ ಉಳಿಯುತ್ತದೆ ಎಂದು ಕೇಳಿದರೆ ಅದು ರಸಾಯನಶಾಸ್ತ್ರದ ಮೊದಲ ಪಾಠ. ಅವಳು ದಿನಕ್ಕೆ ಎಷ್ಟು ಪಾತ್ರೆ ಉಜ್ಜಿದಳು ಎಂದು ಎಣಿಸತೊಡಗಿದರೆ ಪಾಠ ಮುಗಿಯಿತು. 6ರಿಂದ 14 ವರ್ಷದವರಿಗೆ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯ್ದೆ ಇದೆ. 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯ್ದೆ ಶಾಲೆಯ ಸಮಯದ ಆಚೆ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗಲು ಬಿಟ್ಟಿದೆ. ಆದರೆ ಕೆಲಸದ ನಡುವೆ ಮಗುವಿಗೆ ‘ಯಾಕ?’ ಎನ್ನುವ ಬಿಡುವಿದೆಯೇ, ಸಾಕಾದಾಗ ಎದ್ದುಹೋಗುವ ಸ್ವಾತಂತ್ರ್ಯವಿದೆಯೇ ಎಂದು ಕಾಯ್ದೆ ಅಳೆಯಲಾರದು. ಅದನ್ನು ಮನೆಯವರೇ ನೋಡಬೇಕು.

ನೋಡಬೇಕಾದ ಇನ್ನೊಂದು ಸಂಗತಿ ಪೊರಕೆ. ಅಣ್ಣ ಹೋಂವರ್ಕ್ ಬರೆಯುವಾಗ ತಂಗಿ ಕಸ ಗುಡಿಸುತ್ತಿದ್ದರೆ, ಅದಕ್ಕೆ ಎಷ್ಟೇ ಚಂದದ ಹೆಸರಿಟ್ಟರೂ ಇಬ್ಬರೂ ಕಲಿಯುವುದು ಮೇಲುಕೀಳನ್ನೇ. ಬೀದರಿನ ಗುರುನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ, ಎಲ್ಲರಿಗೂ ಊಟವಿಡುವ ಅಡುಗೆಮನೆಯಲ್ಲಿ, ಗಂಡಸರೂ ಬಡಿಸುತ್ತಾರೆ, ಪಾತ್ರೆ ತೊಳೆಯುತ್ತಾರೆ. ಅದನ್ನು ಕಂಡು ಬಂದ ಹುಡುಗನಿಗೆ ತನ್ನ ತಟ್ಟೆ ತೊಳೆಯುವುದನ್ನು ಮನೆಯಲ್ಲಿ ಹೊಸದಾಗಿ ಹೇಳಿಕೊಡಬೇಕಾಗಿಲ್ಲ, ಅಪ್ಪನೂ ತೊಳೆದರಾಯಿತು.