ಗೌಪ್ಯದ ವಚನಕ್ಕೆ ಮೇರೆ

ಕನಕಪುರ ಸೀಮೆಯಲ್ಲಿ ಒಬ್ಬನ ಮಾತಿನಲ್ಲಿ ಮತ್ತೊಬ್ಬನಿಗೆ ನಂಬಿಕೆ ಸಾಲದೆ ಹೋದಾಗ ಕಬ್ಬಾಳಮ್ಮನ ಮೇಲೆ ಆಣೆಯಿಡುವುದುಂಟು. ಕಬ್ಬಾಳಿನ ಆ ದೇವಿಯ ಹೆಸರೆತ್ತಿ ಕೊಟ್ಟ ಮಾತಿಗೆ ತಪ್ಪಿ ನಡೆಯಲು ಎಂಥವನೂ ಅಂಜುವನು. ಈಗ ಇದೇ ಸೀಮೆಯ ತರುಣರು ಬಿಡದಿ, ಹಾರೋಹಳ್ಳಿಗಳ ಕಾರ್ಖಾನೆಗಳಿಗೆ ದುಡಿಯಹೋಗುತ್ತಿರುವರು. ಅಲ್ಲಿ ಆಣೆಯ ಸ್ಥಾನದಲ್ಲಿ ಬರೆದ ಒಪ್ಪಂದವಿರುವುದು. ಉದ್ಯಮದ ಒಪ್ಪಂದಗಳಲ್ಲಿ, ಅವು ಸಂಸ್ಥೆ ಸಂಸ್ಥೆಗಳ ನಡುವಣವಾಗಲಿ, ಒಡೆಯ ನೌಕರರ ನಡುವಣವಾಗಲಿ, ವ್ಯವಹಾರದಲ್ಲಿ ತಿಳಿದುದನ್ನು ಹೊರಗೆಡಹೆನೆಂಬ ಗೌಪ್ಯತೆಯ ಷರತ್ತು ಸಾಮಾನ್ಯವಾಗಿದೆ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಧರ್ಮವಷ್ಟೆ. ಬಾಯಿ ತೆರೆಯೆನೆಂದು ಕೊಟ್ಟ ಮಾತನ್ನೂ ಸರ್ವದಾ ಉಳಿಸಿಕೊಳ್ಳತಕ್ಕದ್ದೆ?

ಅಂಥ ಮಾತಿಗೆ ನ್ಯಾಯವಾದ ಆಧಾರವುಂಟೆಂಬುದನ್ನು ಮೊದಲು ಒಪ್ಪಬೇಕು. 1967ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಗೋಲಿಕರಿ ಮೊಕದ್ದಮೆಯಲ್ಲಿ, ಟೈರಿನ ನೂಲು ತಯಾರಿಸುವ ವಿಧಾನವನ್ನು ವಿದೇಶೀ ಸಂಸ್ಥೆಗಳಿಂದ ರಹಸ್ಯಪಾಲನೆಯ ಭರವಸೆಯ ಮೇಲೆ ಪಡೆದಿದ್ದ ಕಾರ್ಖಾನೆಯೊಂದು, ಐದು ವರ್ಷದ ಕರಾರು ಮುಗಿಯುವ ಮೊದಲೇ ಪ್ರತಿಸ್ಪರ್ಧಿಯ ಬಳಿಗೆ ಹೋದ ನೌಕರನನ್ನು ತಡೆಯಬೇಕೆಂದು ಕೇಳಿತು. ಆ ಅವಧಿಯವರೆಗಿನ ನಿರ್ಬಂಧ ಯುಕ್ತವೆಂದು ನ್ಯಾಯಾಲಯ ಎತ್ತಿಹಿಡಿಯಿತು. ಶ್ರಮದಿಂದಲೂ ಧನವ್ಯಯದಿಂದಲೂ ಪಡೆದ ವಿದ್ಯೆಯನ್ನು ನಂಬಿ ತೋರಿಸಿದವನಿಗೆ ಆ ನಂಬಿಕೆಯನ್ನು ಕಾಪಾಡೆಂದು ಕೇಳುವ ಹಕ್ಕಿದೆ.

ಆದರೆ ಮರೆಯು ಯಾರಿಂದ ಎಂಬುದನ್ನು ವಿಚಾರಿಸದೆ ಅದರ ನ್ಯಾಯಾನ್ಯಾಯವನ್ನು ನಿರ್ಣಯಿಸಲಾಗದು. ದನಗಳ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವಾಗ ಸುತ್ತ ನಿಂತವರಿಗೆ ಅದು ತಿಳಿಯದಿದ್ದರೂ, ಕೊಳ್ಳುವವನ ಕೈಗೂ ಮಾರುವವನ ಕೈಗೂ ಸಮಾನವಾಗಿ ತಿಳಿದಿರುವುದರಿಂದ ಯಾರಿಗೂ ಅನ್ಯಾಯವಿಲ್ಲ. ರೇಷ್ಮೆಗೂಡಿನ ವಿಷಯ ಬೇರೆ: ಗೂಡನ್ನು ಬಹುಕಾಲ ಇಟ್ಟುಕೊಳ್ಳಲಾಗದ ರೈತನು ಅದನ್ನು ಕೊಂಡು ನೂಲು ತೆಗೆಯುವ ರೀಲರನೆದುರು ದುರ್ಬಲನಾದ್ದರಿಂದ, 1959ರ ಕಾನೂನು ಅದರ ಮಾರಾಟವನ್ನು ನಿಯಂತ್ರಿತ ಮಾರುಕಟ್ಟೆಗೆ ತಂದಿತು, ರಾಮನಗರದಲ್ಲಿ ಗೂಡು ಹರಾಜಿನಲ್ಲಿಯೇ ಮಾರಾಟವಾಗುವುದು. ಸಮಬಲರ ನಡುವೆ ಸಲ್ಲುವ ಗುಟ್ಟು ಅಸಮಬಲರ ನಡುವೆ ಶೋಷಣೆಗೆ ಆಸರೆಯಾಗುವುದು.

ಇನ್ನು ಒಪ್ಪಂದಕ್ಕೆ ರುಜು ಹಾಕದ ಮೂರನೆಯವನೊಬ್ಬನಿರುವನು. ವೃಷಭಾವತಿ ಬೆಂಗಳೂರಿನ ಕೊಳೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಸುರಿಯುವುದು. ಅಲ್ಲಿಯ ರೈತನು ಅದೇ ನೀರನ್ನು ಗದ್ದೆಗೆ ಹಾಯಿಸಬೇಕು. ಹೊಳೆಗೆ ವಿಷ ಹರಿಯಬಿಟ್ಟುದನ್ನು ಬಲ್ಲ ನೌಕರನು ಷರತ್ತಿನ ನೆಪದಿಂದ ಮೌನವಾಗಿದ್ದರೆ, ತನ್ನದಲ್ಲದ್ದನ್ನು ಒತ್ತೆಯಿಟ್ಟಂತಾಗುವುದು: ಆ ಅರಿವು ಗದ್ದೆಯವನಿಗೆ ಸಲ್ಲತಕ್ಕದ್ದು. ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಕರಾರು ಅಸಿಂಧುವೆಂಬ ತತ್ತ್ವ 1872ರ ಕರಾರು ಕಾಯಿದೆಯಲ್ಲಿಯೇ ಇದೆ. ವ್ಯಾಪಾರರಹಸ್ಯವನ್ನು ರಕ್ಷಿಸುವ 2005ರ ಮಾಹಿತಿ ಹಕ್ಕು ಕಾಯಿದೆಯೂ ವಿಶಾಲವಾದ ಜನಹಿತ ಬಯಸಿದಲ್ಲಿ ಅದನ್ನು ಪ್ರಕಟಿಸಲು ಅವಕಾಶವಿತ್ತಿದೆ.

ಇಂತಹ ವಿನಾಯಿತಿಗಳಿಂದ ವಚನದ ಬೆಲೆಯೇ ಕುಗ್ಗೀತೆಂದು ಕೆಲವರು ಶಂಕಿಸಬಹುದು. ಮೇರೆಯಿಲ್ಲದ ವಚನವನ್ನು ಜನರು ಭಯದಿಂದ ಪಾಲಿಸುವರು. ಮೇರೆಯುಳ್ಳದ್ದನ್ನು ಗೌರವದಿಂದ ಪಾಲಿಸುವರು. ಆದುದರಿಂದ ಏನನ್ನು, ಎಷ್ಟು ಕಾಲ ಮುಚ್ಚಿಡಬೇಕೆಂಬುದನ್ನು ಷರತ್ತು ಸ್ಪಷ್ಟವಾಗಿ ಹೇಳಬೇಕು. ಕೂಲಿ, ಅಪಘಾತ, ನೆಲಜಲಗಳ ಹಾನಿ ಅದರ ಹೊರಗಿರಬೇಕು. ಇಬ್ಬರು ಕೂಡಿ ತಮ್ಮ ಗುಟ್ಟನ್ನು ಕಾಯ್ದುಕೊಳ್ಳಲಿ. ಮೂರನೆಯವನ ಅಳಲನ್ನು ಗುಟ್ಟೆಂದು ಕರೆಯುವ ಅಧಿಕಾರ ಅವರಿಗಿಲ್ಲ.