ಅರಿವೂ ಅಂತಃಕರಣವೂ



ದೇಹವನ್ನು ಶಿವನ ಆಲಯವೆಂದರಿತವರು ನಮ್ಮ ಶರಣರು. ಆದುದರಿಂದಲೇ ಹನ್ನೆರಡನೆಯ ಶತಮಾನದ ವೈದ್ಯ ಸಂಗಣ್ಣನವರಿಗೆ ರೋಗಿಗೆ ಮದ್ದು ನೀಡುವುದೂ ಶಿವಕಾಯಕವಾಗಿತ್ತು. ಆ ಕಾಯಕದ ಒಂದಂಶವನ್ನು ಇಂದು ಯಂತ್ರವು ಮಾಡತೊಡಗಿದೆ. ಇದನ್ನು ಭಕ್ತನು ಹೇಗೆ ಕಾಣಬೇಕು?

ಬೆಂಗಳೂರಿನ ಜಯನಗರದಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯನ್ನು ಅರಿಯದವರಾರು? 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ಹರೆಯದಲ್ಲಿಯೇ ಅಗಲಿದಾಗ ನಾಡೆಲ್ಲ ಮರುಗಿತು. ಅವರ ಹೆಸರಿನಲ್ಲಿ ಸರ್ಕಾರವು 2023ರಲ್ಲಿ ಪ್ರಕಟಿಸಿದ ಹೃದಯ ಜ್ಯೋತಿ ಯೋಜನೆಗೆ ಈ ಸಂಸ್ಥೆಯೂ ಒಂದು ಕೇಂದ್ರ. ತಾಲ್ಲೂಕು ಆಸ್ಪತ್ರೆಗೆ ಎದೆನೋವೆಂದು ಬಂದವನ ಇ.ಸಿ.ಜಿ.ಯನ್ನು ಕೃತಕ ಬುದ್ಧಿಮತ್ತೆಯು ಕೆಲವೇ ನಿಮಿಷಗಳಲ್ಲಿ ಓದುವುದು. ತಜ್ಞ ವೈದ್ಯರು ಅದನ್ನು ನೋಡಿ ನಿರ್ಣಯಿಸುವರು. ಹೃದಯಾಘಾತವೆಂದು ಖಚಿತವಾದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಅನಂತರ ದೊಡ್ಡ ಆಸ್ಪತ್ರೆಗೆ ಕಳುಹುವರು. ರಕ್ತ ದೊರೆಯದ ಹೃದಯದ ಸ್ನಾಯು ಗಳಿಗೆಗಳಿಗೆಗೂ ಸಾಯುವುದರಿಂದ ಮೊದಲ ಒಂದು ಗಂಟೆಯು ಬಂಗಾರಕ್ಕಿಂತ ಬೆಲೆಯುಳ್ಳದ್ದು.

ಯಂತ್ರವು ನಿಮಿಷಗಳನ್ನು ಉಳಿಸಿತು. ಗಂಟೆಗಳನ್ನು ಕಳೆಯುವವರು ಯಾರು? ನಾವೇ. ಎದೆ ಹಿಡಿದು ಕುಳಿತ ತಾಯಿಗೆ, ವಾಯುವಿರಬೇಕೆಂದು ಹೇಳಿ ಜೀರಿಗೆ ನೀರು ಕೊಟ್ಟು ಮಲಗಿಸುವವರು ನಾವು. ಮಗನ ನಿದ್ದೆ ಕೆಟ್ಟೀತೆಂದು ಆಕೆ ಬೆಳಗಿನವರೆಗೂ ನೋವು ನುಂಗುವಳು. ಹೆಂಗಸರಲ್ಲಿ ಈ ರೋಗವು ಆಯಾಸ, ಉಬ್ಬಸ, ವಾಕರಿಕೆಗಳ ವೇಷದಲ್ಲಿಯೂ ಬರುವುದೆಂಬುದನ್ನು ಎಷ್ಟು ಮಂದಿ ಬಲ್ಲರು? ಬನಶಂಕರಿಯಿಂದ ಜಯನಗರಕ್ಕೆ ಕೆಲವೇ ಮೈಲಿ. ನಮ್ಮ ಉದಾಸೀನವು ಆ ಹಾದಿಯನ್ನು ಒಂದು ಇರುಳಿನಷ್ಟು ಉದ್ದಮಾಡುವುದು.

ಈಗ ಇನ್ನೊಂದು ಭ್ರಾಂತಿಯೂ ಬಂದಿದೆ. ಕೈಯಲ್ಲಿರುವ ಫೋನನ್ನೇ ವೈದ್ಯನೆಂದು ನಂಬಿ, ಅದು ಕೊಟ್ಟ ಉತ್ತರದಿಂದಲೇ ಸಮಾಧಾನಗೊಂಡು ಮಲಗುವವರಿದ್ದಾರೆ. ಯಂತ್ರಕ್ಕೆ ತಿಳಿವಳಿಕೆ ಉಂಟೆಂದೇ ಒಪ್ಪೋಣ. ಆದರೆ ತನ್ನ ಮಾತು ತಪ್ಪಿದರೆ ಮರುಗುವ ಕರುಳು ಅದಕ್ಕಿಲ್ಲ.

ಆದುದರಿಂದ ಯಂತ್ರವನ್ನು ಹಳಿಯುವುದೂ ಬೇಡ, ಪೂಜಿಸುವುದೂ ಬೇಡ. ಅದು ಕಾಯಕಕ್ಕೊದಗಿದ ಉಪಕರಣ. ಅದು ಉಳಿಸಿದ ಕಾಲವು ವೈದ್ಯನಿಗೆ ರೋಗಿಯ ಮಾತು ಕೇಳುವ ಕಾಲವಾಗಲಿ. ಗೃಹಸ್ಥರಿಗೂ ಇದರಲ್ಲಿ ಪಾಲುಂಟು. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ನಡುರಾತ್ರಿ ನೆರೆಯವರು ಬಾಗಿಲು ತಟ್ಟಿದಾಗ ಬೇಸರಪಡದೆ ಎದ್ದು, 108ಕ್ಕೆ ಕರೆಮಾಡಿ, ಆಸ್ಪತ್ರೆಯ ಬಾಗಿಲಿನವರೆಗೆ ಜೊತೆಗೆ ಹೋಗುವುದೂ ದಾಸೋಹವೇ.

ಇಂದು ಲಿಂಗಪೂಜೆ ಮುಗಿದ ಮೇಲೆ ಮನೆಯ ಹಿರಿಯರ ಬಳಿ ಒಂದು ಗಳಿಗೆ ಕುಳಿತು, ಮೈಯಲ್ಲಿ ಏನಾದರೂ ನೋವಿದೆಯೆ ಎಂದು ಕೇಳಿರಿ. ಯಾವ ಯಂತ್ರವೂ ನಿಮ್ಮ ಪರವಾಗಿ ಕೇಳಲಾರದ ಪ್ರಶ್ನೆಯದು.