ತಿದ್ದಿದ್ದು ಯಾರು?

ಒಂದೇ ಒಂದು ಬ್ಲಾಕ್. ಲೆಕ್ಕಕ್ಕೆ ತಗೊಂಡ್ರೆ ನಾನು ಮಾಡಿದ್ದು ಅಷ್ಟೇ.

ರಾತ್ರಿ ಹನ್ನೊಂದೂವರೆ. ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಾನೊಬ್ಬನೇ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ವಾರ ಕಷ್ಟಪಟ್ಟು ಮಾಡಿದ ಪ್ರೋಗ್ರಾಮಿನೊಳಗೆ ಒಂದು ಬ್ಲಾಕ್ ಸೇರಿಸಿದೆ. ಸೇವ್ ಮಾಡಿದೆ. ಹತ್ತು ಸಲ ಓಡಿಸಿ ನೋಡಿದೆ, ಹತ್ತಕ್ಕೆ ಹತ್ತೂ ಸರಿ ಬಂತು. ಲೈಟ್ ಆರಿಸಿ, ಮನೆಗೆ ಹೋಗಿ, ನೆಮ್ಮದಿಯಾಗಿ ಮಲಗಿದೆ. ತಪ್ಪು ಮಾಡ್ತಿದೀನಿ ಅಂತ ಆಗ ಒಂಚೂರೂ ಅನ್ನಿಸಿರಲಿಲ್ಲ. ಆಫೀಸಿನಲ್ಲಿ ದಿನಾ ಮಾಡೋದು ಅದೇ ತಾನೆ?

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಫಸ್ಟ್ ಲೆಗೋ ಲೀಗ್ ಅಂತ ಶಾಲಾ ಮಕ್ಕಳ ರೋಬೋಟಿಕ್ಸ್ ಸ್ಪರ್ಧೆ ಇದೆ. ಅಮೆರಿಕದ ಡೀನ್ ಕೇಮನ್ ಕಟ್ಟಿದ ‘ಫಸ್ಟ್’ ಸಂಸ್ಥೆ ಮತ್ತು ಡೆನ್ಮಾರ್ಕಿನ ಲೆಗೋ ಕಂಪನಿ ಸೇರಿ ತೊಂಬತ್ತರ ದಶಕದ ಕೊನೆಯಲ್ಲಿ ಶುರುಮಾಡಿದ್ದು. ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ಹೊಸ ಥೀಮ್ ಬರುತ್ತೆ. 2024ರದ್ದು ‘ಸಬ್‌ಮರ್ಜ್ಡ್’, ಅಂದ್ರೆ ಸಮುದ್ರ. ಹೆಚ್ಚುಕಮ್ಮಿ 8 ಅಡಿಗೆ 4 ಅಡಿಯ ಟೇಬಲ್ ಮೇಲೆ ಹವಳ, ಶಾರ್ಕು, ತಿಮಿಂಗಿಲ ಎಲ್ಲವೂ ಲೆಗೋದ್ದೇ. ಮಕ್ಕಳು ಕಟ್ಟಿದ ರೋಬೋ ಎರಡೂವರೆ ನಿಮಿಷದಲ್ಲಿ ಎಷ್ಟು ಕೆಲಸ ಮುಗಿಸುತ್ತೋ ಅಷ್ಟು ಅಂಕ. ರಿಮೋಟ್ ಇಲ್ಲ, ಪ್ರೋಗ್ರಾಮ್ ಒತ್ತಿ ಬಿಟ್ಟರೆ ಅದೇ ಓಡಬೇಕು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಕೈಯಲ್ಲಿ ಎತ್ತಿದರೆ ಒಂದು ಕೆಂಪು ಟೋಕನ್ ಹೋಗುತ್ತೆ. ಶುರುವಿನಲ್ಲಿ ಆರು ಟೋಕನ್. ಕೊನೆಗೆ ಆರು ಉಳಿದರೂ 50 ಅಂಕ, ಐದು ಉಳಿದರೂ 50, ನಾಲ್ಕಾದರೆ 35, ಹಾಗೇ ಇಳಿಯುತ್ತೆ. ಮೊದಲನೇ ತಪ್ಪಿಗೆ ಮಾಫಿ ಅನ್ನೋ ಈ ನಿಯಮ ನನಗೆ ತುಂಬ ಇಷ್ಟ. ರೋಬೋ ಆಟಕ್ಕೆ ಒಟ್ಟು ಮೌಲ್ಯಮಾಪನದಲ್ಲಿ ಕಾಲುಭಾಗ ಮಾತ್ರ. ಉಳಿದದ್ದು ರೋಬೋ ಹೇಗೆ ಕಟ್ಟಿದಿರಿ, ಥೀಮಿನ ಮೇಲೆ ಏನು ಪ್ರಾಜೆಕ್ಟ್ ಮಾಡಿದಿರಿ, ಒಬ್ಬರಿಗೊಬ್ಬರು ಹೇಗೆ ನಡೆದುಕೊಂಡಿರಿ ಅನ್ನೋದಕ್ಕೆ. ಎಲ್ಲಕ್ಕಿಂತ ಮುಖ್ಯ ನಿಯಮ: ಕೆಲಸ ಮಕ್ಕಳೇ ಮಾಡಬೇಕು. ದೊಡ್ಡವರು ದಾರಿ ತೋರಿಸಬಹುದು, ಅಷ್ಟೇ.

ಪಕ್ಕದ ಶಾಲೆಯ ಪ್ರೈಮರಿ ಮಕ್ಕಳ ಟೀಮು. ನಾಲ್ಕು, ಐದನೇ ಕ್ಲಾಸಿನ ಎಂಟು ಜನ. ಕೋಚು ಅಲ್ಲಿನ ಸೈನ್ಸ್ ಟೀಚರ್. ನಾನು ‘ಸಾಫ್ಟ್‌ವೇರ್ ಅಂಕಲ್’ ಅನ್ನೋ ಹುದ್ದೆಯಲ್ಲಿದ್ದೆ. ಶಾಲೆಯ ಹಿಂದಿನ ರಾಜಕಾಲುವೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕಾವೇರಿಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಸೇರುತ್ತೆ ಅಂತ ಮ್ಯಾಪ್ ನೋಡಿ ಕಂಡುಹಿಡಿದ ದಿನ ಮಕ್ಕಳು ಕುಣಿದಾಡಿಬಿಟ್ಟಿದ್ದರು. ಬೆಂಗಳೂರಲ್ಲಿ ಕೂತವರಿಗೂ ಸಮುದ್ರ ಸಿಕ್ಕಿತ್ತು. ಅದೇ ಅವರ ಪ್ರಾಜೆಕ್ಟಾಯ್ತು.

ನಾನು ಹೇಳಬೇಕಾದ ಹುಡುಗಿಯನ್ನ ಚಿನ್ನು ಅಂತಿಟ್ಟುಕೊಳ್ಳೋಣ. ತಿಮಿಂಗಿಲದ ಬಾಯಿಗೆ ಕ್ರಿಲ್ ಹಾಕೋ ಕೆಲಸ ಅವಳದು. ಒಂದು ಕ್ರಿಲ್‌ಗೆ 10 ಅಂಕ, ಐದು ಹಾಕಿದರೆ 50. ರೋಬೋ ಹೊರಟು, ಹಿಂದೆ ಸರಿದು ಟೇಬಲ್ಲಿನ ಅಂಚಿಗೆ ಬೆನ್ನು ತಾಗಿಸಿ ನೆಟ್ಟಗಾಗಿ, ಆಮೇಲೆ ತಿರುಗಿ ತಿಮಿಂಗಿಲದ ಕಡೆ ಹೋಗಬೇಕು. ಹತ್ತು ಸಲದಲ್ಲಿ ನಾಲ್ಕು ಸಲ ಸರಿ, ಆರು ಸಲ ಬಾಯಿ ಪಕ್ಕಕ್ಕೆ ಹೋಗಿ ಡಿಕ್ಕಿ. ಏನಾಗ್ತಿತ್ತು ಅಂತ ನನಗೆ ಎರಡು ನಿಮಿಷದಲ್ಲಿ ಗೊತ್ತಾಯ್ತು. ಹೊರಡೋವಾಗ ರೋಬೋವನ್ನ ಚೂರು ಸೊಟ್ಟ ಇಟ್ಟರೆ, ಸೆನ್ಸರ್ ಆ ಸೊಟ್ಟವನ್ನೇ ಸೊನ್ನೆ ಅಂದುಕೊಂಡಿರುತ್ತೆ. ಅಂಚಿಗೆ ತಾಗಿ ಮೈ ನೆಟ್ಟಗಾದರೂ ತಲೆಯಲ್ಲಿ ಹಳೇ ಸೊಟ್ಟ ಉಳಿದಿರುತ್ತೆ. ತಿರುಗುವ ಮುಂಚೆ ಕೋನವನ್ನ ಮತ್ತೆ ಸೊನ್ನೆ ಮಾಡೋ ಬ್ಲಾಕ್ ಹಾಕಿದರೆ ಮುಗೀತು. ಆ ರಾತ್ರಿ ನಾನು ಹಾಕಿದ್ದು ಅದನ್ನೇ.

ಮಾರನೇ ದಿನ ರೀಜನಲ್. ಐದಕ್ಕೆ ಐದೂ ಕ್ರಿಲ್ ಬಾಯಿಗೆ ಬಿತ್ತು. ಮಕ್ಕಳು ಕಿರುಚಿದರು, ನಾನೂ ಕಿರುಚಿದೆ. ಆಮೇಲೆ ಜಡ್ಜ್‌ಗಳ ಕೋಣೆ. ಕೋಚ್‌ಗಳು ಒಳಗೆ ಹಿಂದೆ ಕೂರಬಹುದು, ಬಾಯಿ ಬಿಡುವ ಹಾಗಿಲ್ಲ. ಜಡ್ಜ್ ಮೇಡಂ ಲ್ಯಾಪ್‌ಟಾಪ್ ನೋಡಿ, ‘ಈ ಬ್ಲಾಕ್ ಯಾಕೆ ಹಾಕಿದೀರ?’ ಅಂತ ಕೇಳಿದರು. ಸರಿಯಾಗಿ ಅದೇ ಬ್ಲಾಕ್. ಚಿನ್ನು ಬಗ್ಗಿ ನೋಡಿದಳು.

‘ಇದು ನಾನು ಹಾಕಿದ್ದಲ್ಲ ಮ್ಯಾಮ್. ನಿನ್ನೆ ಇರ್ಲಿಲ್ಲ.’

ಎಂಟು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಒಂಬತ್ತು ವರ್ಷದ ಮಗು ಸುಳ್ಳು ಹೇಳಿ ನನ್ನನ್ನ ಉಳಿಸಲಿಲ್ಲ, ಅದೊಂದು ಸಮಾಧಾನ ಈಗ. ಆಗ ಇರಲಿಲ್ಲ.

ನಮ್ಮ ಟೀಮು ಮುಂದಿನ ಹಂತಕ್ಕೆ ಹೋಗಲಿಲ್ಲ. ಆ ಬ್ಲಾಕಿನಿಂದಲೇ ಅಂತ ಹೇಳಲಾರೆ, ಬೇರೆ ಟೀಮುಗಳು ನಿಜವಾಗಿಯೂ ಚೆನ್ನಾಗಿದ್ದವು. ನನ್ನ ನಿದ್ದೆ ಕೆಡಿಸಿದ್ದು ಸೋಲಲ್ಲ, ಚಿನ್ನು ನೋಟ್‌ಬುಕ್. ವಾಪಸ್ ಬಂದ ಮೇಲೆ ಸಾಮಾನು ಜೋಡಿಸುವಾಗ ತೆರೆದು ನೋಡಿದೆ. ಪ್ರತಿ ಸಲ ಓಡಿಸಿದ್ದನ್ನೂ ಬರೆದಿಟ್ಟಿದ್ದಳು. ಸರಿಗೆ ಟಿಕ್, ತಪ್ಪಿಗೆ ಇಂಟು. ಪಕ್ಕದಲ್ಲಿ ಯಾರು ರೋಬೋ ಇಟ್ಟಿದ್ದು ಅಂತ ಹೆಸರು. ಪುಟದ ಕೆಳಗೆ ಒಂದು ಸಾಲು: ಅವನು ಇಟ್ಟರೆ ಸರಿ ಹೋಗುತ್ತೆ, ನಾನು ಇಟ್ಟರೆ ತಪ್ಪಾಗುತ್ತೆ.

ಅಂದ್ರೆ ಹುಡುಗಿ ಕಾರಣದ ಬಾಗಿಲಿಗೇ ಬಂದು ನಿಂತಿದ್ದಳು. ಇಡೋದರಲ್ಲಿ ಏನೋ ಇದೆ ಅಂತ ಹಿಡಿದಿದ್ದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಸೆನ್ಸರ್ ಸಿಗುತ್ತಿತ್ತು. ನಾನು ಮಧ್ಯರಾತ್ರಿ ಹೋಗಿ ಆ ಬಾಗಿಲಿಗೇ ಗೋಡೆ ಕಟ್ಟಿ ಬಂದಿದ್ದೆ. ಅವಳ ಹತ್ತಿರ ಉಳಿದಿದ್ದು ಒಂದೇ ತೀರ್ಮಾನ: ನನ್ನ ಕೈ ಸರಿ ಇಲ್ಲ. ಸ್ಪರ್ಧೆ ದಿನ ರೋಬೋ ಇಡೋ ಕೆಲಸವನ್ನ ಅವಳೇ ಆ ಹುಡುಗನಿಗೆ ಬಿಟ್ಟುಕೊಟ್ಟಿದ್ದು ಆಗ ನೆನಪಾಯ್ತು. ನಾನು ಅದನ್ನ ಟೀಮ್‌ವರ್ಕ್ ಅಂದುಕೊಂಡು ಬೆನ್ನು ತಟ್ಟಿದ್ದೆ!

ಇಲ್ಲಿ ನನ್ನದೊಂದು ಹಳೇ ಕಥೆ ಹೇಳಲೇಬೇಕು, ಇಷ್ಟು ವರ್ಷ ಯಾರಿಗೂ ಹೇಳಿದ್ದಿಲ್ಲ. ಬಿಇ ಕೊನೇ ವರ್ಷದ ಪ್ರಾಜೆಕ್ಟನ್ನ ನಾವು ನಾಲ್ಕು ಜನ ದುಡ್ಡು ಕೊಟ್ಟು ತಂದಿದ್ದೆವು. ಕಾಲೇಜಿನಿಂದ ಎರಡು ಸ್ಟಾಪ್ ಆಚೆ ಅಂಗಡಿಯಿತ್ತು. ಬೋರ್ಡು, ರಿಪೋರ್ಟು, ವೈವಾದಲ್ಲಿ ಕೇಳೋ ಪ್ರಶ್ನೆ, ಎಲ್ಲ ಸೇರಿ ಒಂದು ಪ್ಯಾಕೇಜು. ವಿಷಯ ಏನು ಗೊತ್ತಾ? ಮೈಕ್ರೋಕಂಟ್ರೋಲರ್ ಆಧಾರಿತ ನೀರಾವರಿ ಪಂಪ್ ನಿಯಂತ್ರಣ. ಪಟ್ಟಿಯಲ್ಲಿ ನಾನೇ ಆರಿಸಿದ್ದು, ಹಳ್ಳಿ ಹುಡುಗ ಅಂತ. ಒಳ್ಳೇ ಮಾರ್ಕ್ಸ್ ಬಂತು. ಊರಿಗೆ ತಗೊಂಡು ಹೋದಾಗ ಅಪ್ಪ ಆ ಹಸಿರು ಬೋರ್ಡನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಕರೆಂಟು ರಾತ್ರಿ ಎರಡು ಗಂಟೆಗೆ ಬರುತ್ತೆ ಕಣಪ್ಪ. ಇದನ್ನ ನಮ್ಮ ಪಂಪ್‌ಸೆಟ್ಟಿಗೆ ಹಾಕಿಬಿಟ್ರೆ ನಾನು ಏಳೋದು ತಪ್ಪುತ್ತಲ್ಲ?’ ಅಂದರು. ಊರಲ್ಲಿ ಆಟೋ ಸ್ಟಾರ್ಟರ್ ಹಾಕಿಸಿಕೊಂಡವರು ಆಗಲೇ ಇದ್ದರು. ಅಪ್ಪನಿಗೆ ಮಗ ಮಾಡಿದ್ದು ಬೇಕಿತ್ತು. ನಾನು, ‘ಇದು ಬರೀ ಮಾಡೆಲ್ ಅಪ್ಪ, ನಿಜವಾದ ಮೋಟರಿಗೆ ಆಗಲ್ಲ’ ಅಂದೆ. ಯಾಕೆ ಆಗಲ್ಲ ಅಂತ ಅವರು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೇಳಲಿಲ್ಲ. ಅದು ಈಗಲೂ ಅಟ್ಟದ ಮೇಲಿದೆ. ಅಪ್ಪ ಇನ್ನೂ ಎರಡು ವರ್ಷ ರಾತ್ರಿ ಎದ್ದು ಟಾರ್ಚ್ ಹಿಡಿದು ತೋಟಕ್ಕೆ ಹೋದರು.

ಆದ್ದರಿಂದ, ನಾನಾಗಿ ಮಾಡದ ಕೆಲಸಕ್ಕೆ ಬಂದ ಮಾರ್ಕ್ಸು ಒಳಗೆ ಹೇಗೆ ಕೂತಿರುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬ್ಲಾಕ್ ಹಾಕಿದೆ.

ನನ್ನೊಳಗಿನ ಎಂಜಿನಿಯರು ಸುಮ್ಮನೆ ಬಿಡಲ್ಲ, ವಾದ ಮಾಡ್ತಾನೆ. ಅಲ್ಲಯ್ಯಾ, ಒಬ್ಬನೇ ಮಾಡಿದ ಕೆಲಸ ಅಂತ ಜಗತ್ತಲ್ಲಿ ಎಲ್ಲಿದೆ? ನಿನ್ನ ಕೋಡಲ್ಲಿ ಎಷ್ಟು ಸಾಲು ನಿನ್ನದು? ರಿವ್ಯೂನಲ್ಲಿ ಸಹೋದ್ಯೋಗಿ ತಿದ್ದಿದ್ದು, ಇಂಟರ್ನೆಟ್ಟಿಂದ ಎತ್ತಿದ್ದು, ಈಗಂತೂ ಎಐ ಬರೆದುಕೊಟ್ಟಿದ್ದು. ಯಾರಾದರೂ ನಾಚಿಕೊಳ್ತಾರಾ? ಕೆಲಸ ನಡೆದರೆ ಸಾಕು. ಮಕ್ಕಳಿಗೆ ಮಾತ್ರ ಯಾಕೆ ಬೇರೆ ಕಾನೂನು?

ಈ ವಾದಕ್ಕೆ ತೂಕ ಇದೆ. ಆದರೆ ಆಫೀಸಿನ ರಿವ್ಯೂನಲ್ಲಿ ತಿದ್ದಿದವರ ಹೆಸರು ಇರುತ್ತೆ, ಯಾಕೆ ತಿದ್ದಿದ್ದು ಅಂತ ಕಾಮೆಂಟ್ ಇರುತ್ತೆ, ಒಪ್ಪದಿದ್ದರೆ ಜಗಳ ಆಡಬಹುದು. ನಾನು ಮಾಡಿದ್ದು ಹೇಳದೆ ಕೇಳದೆ, ಲೈಟ್ ಆರಿಸಿ ಬಂದ ಕೆಲಸ. ಅಷ್ಟೇ ಅಲ್ಲ, ಆಫೀಸಲ್ಲಿ ಪಂಪ್ ಓಡಬೇಕು; ಇಲ್ಲಿ ತಿಮಿಂಗಿಲಕ್ಕೆ ಕ್ರಿಲ್ ಸಿಗದಿದ್ದರೆ ಯಾವ ತಿಮಿಂಗಿಲವೂ ಸಾಯಲ್ಲ. ಅದು ಪ್ಲಾಸ್ಟಿಕ್ಕು. ಅಲ್ಲಿ ನಿಜವಾಗಿ ಇದ್ದದ್ದು ಚಿನ್ನು ಒಬ್ಬಳೇ.

ನಮ್ಮ ಭಾಷೆಯಲ್ಲಿ ‘ತಿದ್ದು’ ಅಂತ ಒಂದು ಮಾತಿದೆ, ‘ತಿದ್ದಿಸು’ ಅಂತ ಇನ್ನೊಂದು. ನನಗೆ ಅಜ್ಜಿ ಮರಳಿನ ಮೇಲೆ ಅಕ್ಷರ ತಿದ್ದಿಸಿದ್ದು. ನನ್ನ ಬೆರಳು ಹಿಡಿದು ‘ಅ’ ಬರೆಸೋರು. ಕೈ ಅವರದೂ ಹೌದು, ನನ್ನದೂ ಹೌದು. ಒಂದಷ್ಟು ದಿನ ಆದಮೇಲೆ ಅವರ ಹಿಡಿತ ಯಾವಾಗ ಸಡಿಲ ಆಯ್ತು ಅಂತ ನನಗೆ ಗೊತ್ತೇ ಆಗಲಿಲ್ಲ. ಅಜ್ಜಿ ನನ್ನ ಪರವಾಗಿ ಬರೆದಿದ್ದರೆ ಅಕ್ಷರ ಇನ್ನೂ ದುಂಡಗೆ ಬರುತ್ತಿತ್ತು.

ಹಾಗಂತ, ‘ಮಕ್ಕಳು ತಾವೇ ಒದ್ದಾಡಿ ಕಲೀಲಿ ಬಿಡಿ’ ಅನ್ನೋ ಮಾತನ್ನೂ ನಾನು ಪೂರ್ತಿ ನಂಬಲ್ಲ. ಒದ್ದಾಡೋಕೂ ಕಿಟ್ ಬೇಕು, ಟೇಬಲ್ ಬೇಕು, ಶನಿವಾರ ಬೇಕು. ನಾನು ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಪಿಯುಸಿ ಮುಗಿಸಿದ ಮೇಲೆ. ಕಾಲೇಜಲ್ಲಿ ಯಾರೂ ಪಕ್ಕದಲ್ಲಿ ಕೂತು ಹೇಳಿಕೊಡದೆ ಒದ್ದಾಡಿ ಒದ್ದಾಡಿ ಕೊನೆಗೆ ಆ ಅಂಗಡಿ ಮೆಟ್ಟಿಲು ಹತ್ತಿದ್ದು. ಒಂಟಿ ಬಿಟ್ಟರೆ ಎಲ್ಲರೂ ಗಟ್ಟಿಯಾಗಲ್ಲ. ಕೆಲವರು ಅಂಗಡಿ ಹುಡುಕ್ತಾರೆ.

ರೀಜನಲ್‌ನಲ್ಲಿ ನಮ್ಮ ಪಕ್ಕದ ಟೇಬಲ್ಲಿಗೆ ಉತ್ತರ ಕರ್ನಾಟಕದ ಕಡೆಯಿಂದ ಒಂದು ಟೀಮು ಬಂದಿತ್ತು. ಅವರ ಮೇಷ್ಟ್ರು ಹತ್ತಡಿ ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ‘ಹೇಳಿಕೊಡಲ್ವಾ ಸರ್?’ ಅಂದೆ. ‘ನನಗ ಬರೂದಿಲ್ರೀ. ನಾ ಕಲಿಯೂದ ಇವ್ರ ಹತ್ರ’ ಅಂದರು. ತಮಾಷೆಗೋ ನಿಜವೋ ಗೊತ್ತಾಗಲಿಲ್ಲ. ಅವರ ರೋಬೋ ಎರಡು ಸಲ ದಾರಿ ತಪ್ಪಿತು. ಮಕ್ಕಳು ತಲೆಗೆ ತಲೆ ಕೊಟ್ಟು ಮಾತಾಡಿಕೊಂಡು, ಮೂರನೇ ರೌಂಡಿಗೆ ಮೊದಲಿಗಿಂತ ನಿಧಾನ ಓಡಿಸಿ ಸರಿಮಾಡಿಕೊಂಡರು. ಅಂಕಪಟ್ಟಿಯಲ್ಲಿ ನಮಗಿಂತ ಕೆಳಗೇ ಇದ್ದರು. ನಮ್ಮ ಆ 50 ಅಂಕ ತೆಗೆದರೆ ಮೇಲಿರುತ್ತಿದ್ದರು. ಆ ರಾತ್ರಿ ನಾನು ಚಿನ್ನು ಕೈ ಒಂದನ್ನೇ ಪಕ್ಕಕ್ಕೆ ಸರಿಸಿದ್ದಲ್ಲ ಅಂತ ಅರ್ಥ ಆಗಿದ್ದು ಆ ಪಟ್ಟಿ ಮುಂದೆ ನಿಂತಾಗ. ಈ ಸ್ಪರ್ಧೆಯಲ್ಲಿ ‘ಗ್ರೇಷಿಯಸ್ ಪ್ರೊಫೆಷನಲಿಸಂ’ ಅಂತ ಒಂದು ಮಾತು ಬಳಸ್ತಾರೆ. ಎಂಐಟಿಯ ಪ್ರೊಫೆಸರ್ ವುಡಿ ಫ್ಲವರ್ಸ್ ಕೊಟ್ಟಿದ್ದು. ಜಿದ್ದಿನಿಂದ ಆಡಿ, ಎದುರಿನವರನ್ನ ಗೌರವಿಸಿ ಅಂತ. ನಮ್ಮ ಮಕ್ಕಳು ಅದನ್ನ ಬಾಯಿಪಾಠ ಹೇಳ್ತಿದ್ದರು. ಕಲಿಸಿದ್ದು ನಾನೇ.

ಮುಂದಿನ ಶನಿವಾರ ಎಂಟೂ ಜನರನ್ನ ಕೂರಿಸಿಕೊಂಡು ಹೇಳಿದೆ. ಬ್ಲಾಕ್ ಹಾಕಿದ್ದು ನಾನು, ಹೇಳದೆ ಹಾಕಿದ್ದು ತಪ್ಪು ಅಂತ. ಆಮೇಲೆ ರೋಬೋವನ್ನ ಬೇಕಂತಲೇ ಸೊಟ್ಟ ಇಟ್ಟು, ಬ್ಲಾಕ್ ಇಲ್ಲದೆ ಒಂದು ಸಲ, ಇಟ್ಟುಕೊಂಡು ಒಂದು ಸಲ ಓಡಿಸೋಕೆ ಚಿನ್ನುಗೇ ಹೇಳಿದೆ. ಅವಳು ಎರಡು ಸಲ ಅಲ್ಲ, ಇಪ್ಪತ್ತು ಸಲ ಓಡಿಸಿದಳು. ಆಮೇಲೆ ಕೇಳಿದಳು:

‘ಹಾಗಾದ್ರೆ ನನ್ನ ಕೈ ಸರಿ ಇತ್ತಾ ಅಂಕಲ್?’

‘ಸರಿ ಇತ್ತಮ್ಮಾ.’

‘ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?’

ಇನ್ನೊಬ್ಬ ಹುಡುಗ ಮಧ್ಯೆ ಬಾಯಿ ಹಾಕಿ, ಹಾಗಾದ್ರೆ ಆ 50 ಅಂಕ ನಮ್ಮದಾ ಅಲ್ವಾ ಅಂತ ಕೇಳಿದ. ಅರ್ಧ ಗಂಟೆ ಜಗಳ ನಡೀತು. ರೋಬೋ ಕಟ್ಟಿದ್ದು ನಾವು ತಾನೆ, ನಮ್ಮದೇ ಅಂತ ಕೆಲವರು. ತಿರುಗಿಸಿದ್ದು ಅಂಕಲ್, ಅದಕ್ಕೇ ಅರ್ಧ ನಮ್ಮದು ಅಂತ ಕೆಲವರು. ನನ್ನನ್ನ ತೀರ್ಪು ಕೇಳಲಿಲ್ಲ, ಬಚಾವಾದೆ. ಕೊನೆಗೆ ಚಿನ್ನು ಎದ್ದು ಹೋಗಿ, ಡಬ್ಬಿಯಿಂದ ಆ ಆರು ಕೆಂಪು ಟೋಕನ್ ತಂದು ನನ್ನ ಮುಂದಿಟ್ಟಳು. ರೋಬೋ ಮುಟ್ಟಿದ್ರೆ ನಾವು ಕೊಡ್ತೀವಲ್ಲ, ಲ್ಯಾಪ್‌ಟಾಪ್ ಮುಟ್ಟಿದ್ರೆ ನೀವು ಕೊಡಿ. ಇಡೀ ಸೀಸನ್ನಿಗೆ ಆರು. ಮೊದಲನೆಯದಕ್ಕೆ ಮಾಫಿ ಇದೆಯಾ ಅಂತ ಕೇಳಿದೆ. ಅದು ಹೋದ ವರ್ಷವೇ ಖರ್ಚಾಯ್ತು ಅಂದರು.

ಈ ಸೀಸನ್ನಿನ ಥೀಮು ‘ಅನ್‌ಅರ್ಥ್ಡ್’, ಪುರಾತತ್ವ. ಚಿನ್ನು ಈಗ ಐದನೇ ಕ್ಲಾಸು, ರೋಬೋ ಇಡೋದು ಅವಳೇ. ಮಣ್ಣು ಅಗೆದು ತೆಗೆಯೋ ಆಟ. ಹೋದ ಶನಿವಾರ ಅವಳ ರೋಬೋದ ಕೈ ಒಂದು ಸಲ ಎತ್ತುತ್ತೆ, ಇನ್ನೊಂದು ಸಲ ಎತ್ತಲ್ಲ. ಕಾರಣ ನನಗೆ ಕಾಣಿಸ್ತಿದೆ. ಎರಡು ಗಂಟೆ ಕೈಗಳನ್ನ ತೊಡೆ ಕೆಳಗೆ ಇಟ್ಟುಕೊಂಡು ಕೂತಿದ್ದೆ. ನನ್ನ ಜೇಬಲ್ಲಿ ಇನ್ನು ಎರಡು ಟೋಕನ್ ಇದೆ. ರೀಜನಲ್‌ಗೆ ಐದು ವಾರ.